ಬೆಲ್ಟು ಮೂಳೆಯ ಮೇಲಿದೆಯಾ, ಹೊಟ್ಟೆಯ ಮೇಲಿದೆಯಾ?

(ಮೈಸೂರಿನ ಒಂದು ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ತಂದೆತಾಯಂದಿರ ಮುಂದೆ ಆಡಿದ ಮಾತಿನ ಬರಹ ರೂಪ. ಅಡ್ಡಮಾತುಗಳನ್ನು ಅಲ್ಲಲ್ಲಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲೆ ಇದ್ಯಾವುದು ಹರಕಲು ಸೀಟು ಅಂತ ಆಗಿನಿಂದ ನೋಡುತ್ತಿದ್ದೀರಿ. ಇದು ಹಳೆಯ ಸಣ್ಣ ಕಾರೊಂದರ ಹಿಂದಿನ ಸೀಟು. ಗುಜರಿಯಿಂದ ತಂದದ್ದು. ಪರಿಚಯದ ಬಡಗಿಯೊಬ್ಬರು ಹಿಂದೆ ಮರದ ಚೌಕಟ್ಟು ಕಟ್ಟಿ, ಕಾರಿನಲ್ಲಿ ಬೆಲ್ಟು ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರದಲ್ಲಿ ಕೂರಿಸಿಕೊಟ್ಟಿದ್ದಾರೆ. "ಯಾರಿಗೆ ಸರ್ ಇದು, ಬಾಲ್ಕನಿಗಾ?" ಅಂತ ಕೇಳಿದರು. ಭಾಷಣಕ್ಕೆ ಅಂದೆ. ನಂಬಲಿಲ್ಲ.

ನಾನು ಹದಿನೈದು ವರ್ಷ ಕಾರಿನ ಸೀಟು ಮತ್ತು ಬೆಲ್ಟುಗಳ ವಿನ್ಯಾಸದ ಕೆಲಸ ಮಾಡಿದವನು. ಆದರೆ ಇವತ್ತು ಎಂಜಿನಿಯರ್ ಆಗಿ ಬಂದಿಲ್ಲ. ತಪ್ಪು ಮಾಡಿದ ಒಬ್ಬ ಅಪ್ಪನಾಗಿ ಬಂದಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ. ಇವತ್ತಿನ ವಿಷಯ ಬೂಸ್ಟರ್, ಅಂದರೆ ಕಾರಿನ ಸೀಟಿನ ಮೇಲಿಟ್ಟು ಮಗುವನ್ನು ಎತ್ತರಕ್ಕೆ ಕೂರಿಸುವ ಪುಟ್ಟ ಸೀಟು.

ಮೊದಲು ಮೂರನೇ ಸಾಲಿನಲ್ಲಿ ಕೂತಿರುವ ಪುಟ್ಟಿಯನ್ನು ಕರೆಯೋಣ. ಬಾ ಮರಿ. ಎಷ್ಟು ವರ್ಷ? ಆರು. ಎತ್ತರ ನೋಡೋಣ, ನೆಟ್ಟಗೆ ನಿಲ್ಲು. 113 ಸೆಂ.ಮೀ. ಸರಿ, ಈ ಸೀಟಿನ ಮೇಲೆ ಹತ್ತಿ ಕೂತ್ಕೋ. ಬೆನ್ನು ಪೂರ್ತಿ ಹಿಂದಕ್ಕೆ ಒರಗಿಸು.

ಕಾಲು ನೋಡಿ. ಗೊಂಬೆಯ ಕಾಲಿನ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಮಂಡಿ ಮಡಚುವುದಕ್ಕೆ ಜಾಗವೇ ಇಲ್ಲ. ಟೇಪು ಹಿಡಿದರೆ ಸೀಟಿನ ಆಳ 46 ಸೆಂ.ಮೀ. ಬೆನ್ನಿನಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಪುಟ್ಟಿಯ ಅಳತೆ 31. ಹದಿನೈದು ಸೆಂ.ಮೀ. ಸೀಟು ಜಾಸ್ತಿ ಇದೆ. ಈಗ ಬೆಲ್ಟು ಹಾಕುತ್ತೇನೆ. ಮೇಲಿನ ಪಟ್ಟಿ ಎಲ್ಲಿ ಹೋಯಿತು? ಕುತ್ತಿಗೆಗೆ ಉಜ್ಜುತ್ತಿದೆ. ಕೆಳಗಿನ ಪಟ್ಟಿ? ಹೊಟ್ಟೆಯ ಮೇಲೆ. ಒಂದು ನಿಮಿಷ ಹಾಗೇ ಇರಲಿ, ನಾನು ಮಾತಾಡುತ್ತಿರುತ್ತೇನೆ. ಅವಳನ್ನು ಯಾರೂ ಏನೂ ಅನ್ನಬೇಡಿ, ಸುಮ್ನೆ ಗಮನಿಸಿ.

ಕಾರಿನ ಬೆಲ್ಟು ದೊಡ್ಡವರ ಮೈಗೆ ಅಂತ ಮಾಡಿದ್ದು. ಈಗ ನಾವೆಲ್ಲ ಹಾಕುವ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ನೀಲ್ಸ್ ಬೋಲಿನ್ ರೂಪಿಸಿದರು. ಅದರ ಲೆಕ್ಕಾಚಾರ ಸರಳ. ಅಪಘಾತದ ಹೊಡೆತವನ್ನು ಮೈಯಲ್ಲಿ ಗಟ್ಟಿ ಇರುವ ಜಾಗಗಳು ತಡೆದುಕೊಳ್ಳಬೇಕು. ಅಂದರೆ ಸೊಂಟದ ಮೂಳೆ, ಎದೆಗೂಡು, ಭುಜದ ಮೂಳೆ. ಮೆತ್ತನೆಯ ಜಾಗಕ್ಕೆ ಬೆಲ್ಟು ತಾಗಲೇಬಾರದು. ಹೊಟ್ಟೆಯೊಳಗೆ ಮೂಳೆ ಇಲ್ಲ. ಕರುಳಿದೆ, ಪಿತ್ತಕೋಶವಿದೆ, ಹಿಂದೆ ಬೆನ್ನುಹುರಿಯಿದೆ.

ಆಯಿತು, ಪುಟ್ಟಿಯನ್ನು ನೋಡಿ. ನಾನು ಹೇಳಿಕೊಡಲಿಲ್ಲ, ಅವಳ ಅಮ್ಮನೂ ಹೇಳಲಿಲ್ಲ. ಮಂಡಿ ಮಡಚಲು ಆಗಲಿಲ್ಲ ಅಂತ ಕುಂಡಿಯನ್ನು ಮುಂದಕ್ಕೆ ಜಾರಿಸಿಕೊಂಡಿದ್ದಾಳೆ. ಈಗ ಕಾಲು ಆರಾಮ. ಆದರೆ ಬೆಲ್ಟು ಹೊಕ್ಕುಳಿನ ಮೇಲೆ ಬಂತು. ಕುತ್ತಿಗೆಗೆ ಉಜ್ಜುತ್ತಿದ್ದ ಪಟ್ಟಿಯನ್ನು ಕೈಯಿಂದ ಎತ್ತಿ ಕಂಕುಳ ಕೆಳಗೆ ಹಾಕಿಕೊಂಡಳು. ಇದು ತುಂಟತನ ಅಲ್ಲ. ಅಳತೆ ಸರಿಯಿಲ್ಲದ ಅಂಗಿಯನ್ನು ಯಾರು ತಾನೇ ಸರಿಮಾಡಿಕೊಳ್ಳುವುದಿಲ್ಲ? ನಿಮ್ಮ ಮನೆಯಲ್ಲೂ "ನೆಟ್ಟಗೆ ಕೂತ್ಕೋ" ಅಂತ ಗದರಿಸಿ ಗದರಿಸಿ ಸಾಕಾಗಿರಬೇಕು. ಗದರಿಸಬೇಕಾದ್ದು ಸೀಟನ್ನು.

ಈಗ ಸೊಂಟದ ವಿಷಯ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ನೀರು ತಂದವರು ಇಲ್ಲಿ ಯಾರಾದರೂ ಇದ್ದೀರಾ? ಇದ್ದಾರೆ, ಇಬ್ಬರು ಅಜ್ಜಿಯರು ಕೈ ಎತ್ತಿದರು. ಆ ಬಿಂದಿಗೆ ಕೂರುವುದು ಸೊಂಟದ ಮೂಳೆಯ ಅಂಚಿನ ಮೇಲೆ. ಆ ಅಂಚು ಮುಂದೆ ಬಂದು ಒಂದು ಮೊನೆಯಾಗಿ ನಿಲ್ಲುತ್ತದೆ, ಕೈಯಿಟ್ಟರೆ ಬೆರಳಿಗೆ ಸಿಗುತ್ತದೆ. ಬೆಲ್ಟು ಮೇಲಕ್ಕೆ ಜಾರದ ಹಾಗೆ ಹಿಡಿದು ನಿಲ್ಲಿಸುವ ಗೂಟ ಅದೇ. ಮಕ್ಕಳಲ್ಲಿ ಆ ಮೊನೆ ಇನ್ನೂ ಬೆಳೆದಿರುವುದಿಲ್ಲ. ಸುಮಾರು ಹತ್ತು ವರ್ಷ ಆಗುವವರೆಗೂ ಅದು ಸಣ್ಣದು, ಗುಂಡು ಗುಂಡು. ಉಡಿದಾರ ಕಟ್ಟಿದರೂ ಚಡ್ಡಿ ನಿಲ್ಲದ ಸೊಂಟದಲ್ಲಿ ಬೆಲ್ಟು ಎಲ್ಲಿ ನಿಲ್ಲಬೇಕು ಹೇಳಿ? ಕಾರು ಗುದ್ದಿದಾಗ ಮಗುವಿನ ಮೈ ಬೆಲ್ಟಿನ ಕೆಳಗೆ ಜಾರುತ್ತದೆ, ಬೆಲ್ಟು ಹೊಟ್ಟೆಯೊಳಗೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಬರೆ, ಒಳಗೆ ಕರುಳಿಗೆ ಗಾಯ, ಸೊಂಟದ ಹತ್ತಿರ ಬೆನ್ನುಮೂಳೆ ಮುರಿತ, ಇವು ಮೂರೂ ಒಟ್ಟಿಗೆ ಕಾಣುವುದು ಎಷ್ಟು ಸಾಮಾನ್ಯ ಅಂದರೆ ಡಾಕ್ಟರುಗಳು ಅದಕ್ಕೆ ಸೀಟ್ ಬೆಲ್ಟ್ ಸಿಂಡ್ರೋಮ್ ಅಂತಲೇ ಹೆಸರಿಟ್ಟಿದ್ದಾರೆ.

ಹಾಗಂತ ಬೆಲ್ಟೇ ಬೇಡ ಅಂತ ಮನೆಗೆ ಹೋಗಿಬಿಡಬೇಡಿ. ಬೆಲ್ಟು ಇಲ್ಲದಿದ್ದರೆ ಕತೆ ಇನ್ನೂ ಕೆಟ್ಟದು. 20 ಕೆ.ಜಿ. ತೂಕದ ಮಗು, 50 ಕಿ.ಮೀ. ವೇಗ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾರು ನಿಂತಿತು ಅಂದುಕೊಳ್ಳಿ. ಆ ಹೊತ್ತಿಗೆ ಮಗುವನ್ನು ಹಿಡಿದು ನಿಲ್ಲಿಸಲು ಬೇಕಾದ ಬಲ ಸುಮಾರು 280 ಕೆ.ಜಿ. ತೂಕದಷ್ಟು. ಅಕ್ಕಿಯ 25 ಕೆ.ಜಿ. ಮೂಟೆ ಹನ್ನೊಂದು. "ನಾನು ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅನ್ನುವವರು ಒಂದು ಮೂಟೆಯನ್ನು ಒಂದು ಕೈಯಲ್ಲಿ ಎತ್ತಿ ತೋರಿಸಲಿ, ಆಮೇಲೆ ಮಾತಾಡೋಣ. ಬೆಂಗಳೂರು ಹೆದ್ದಾರಿಯಲ್ಲಿ ನಾವು ಹೋಗುವುದು 100ರಲ್ಲಿ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ಸನ್‌ರೂಫಿನಲ್ಲಿ ಮಕ್ಕಳನ್ನು ನಿಲ್ಲಿಸಿ ಓಡಿಸುವವರ ಬಗ್ಗೆ ನಾನೇನೂ ಹೇಳುವುದಿಲ್ಲ, ಬಾಯಿಗೆ ಒಳ್ಳೆ ಮಾತು ಬರುವುದಿಲ್ಲ.

ಇನ್ನು ನನ್ನ ತಪ್ಪು. ಮಗಳಿಗೆ ಆಗ ಏಳು ವರ್ಷ. ಬೂಸ್ಟರ್ ಮನೆಯಲ್ಲೇ ಇತ್ತು, ಅಟ್ಟದ ಮೇಲೆ. "ಇನ್ನೇನು ದೊಡ್ಡವಳಾದಳು" ಅಂತ ಎತ್ತಿಟ್ಟವನು ನಾನೇ. ಮದ್ದೂರು ದಾಟಿದ ಮೇಲೆ ಪಕ್ಕದ ದಾರಿಯಿಂದ ಕಬ್ಬಿನ ಟ್ರಾಕ್ಟರ್ ಒಂದು ಅಡ್ಡ ಬಂತು. ಜೋರಾಗಿ ಬ್ರೇಕ್ ಹಾಕಿದೆ. ಯಾರಿಗೂ ಗುದ್ದಲಿಲ್ಲ, ಒಂದು ಗೆರೆಯೂ ಬೀಳಲಿಲ್ಲ. ಟ್ರಾಕ್ಟರ್‌ನವನು ಕೈಮುಗಿದ, ನಾನು ಬೈದೆ, ಮುಂದೆ ಹೋದೆವು. ರಾತ್ರಿ ಮಗಳು ಹೊಟ್ಟೆ ನೋವು ಅಂದಳು. ಅಂಗಿ ಎತ್ತಿ ನೋಡಿದರೆ ಹೊಕ್ಕುಳಿನ ಸ್ವಲ್ಪ ಕೆಳಗೆ ಎರಡು ಬೆರಳಗಲ ಕೆಂಪು ಪಟ್ಟಿ. ಆಸ್ಪತ್ರೆಯ ಬೆಂಚಿನ ಮೇಲೆ ಸ್ಕ್ಯಾನ್ ವರದಿ ಬರುವವರೆಗೆ ಕೂತಿದ್ದೆ. ಒಳಗೆ ಏನೂ ಆಗಿರಲಿಲ್ಲ. ಬರೀ ಬ್ರೇಕಿಗೆ ಇಷ್ಟು. ಗುದ್ದಿದ್ದರೆ? ಬೆಲ್ಟಿನ ಬಗ್ಗೆ ಬೇರೆಯವರಿಗೆ ಪಾಠ ಮಾಡುತ್ತಿದ್ದವನು ನಾನು. ಮರುದಿನ ಅಟ್ಟ ಹತ್ತಿದೆ.

ಹಾಗಾದರೆ ಬೂಸ್ಟರ್ ಅಂದರೇನು? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಮಣೆ. ಅಷ್ಟೇ. ಅದಕ್ಕೆ ಸ್ವಂತ ಬೆಲ್ಟು ಇಲ್ಲ. ಮಗುವನ್ನು ಹಿಡಿದುಕೊಳ್ಳುವುದು ಕಾರಿನ ಬೆಲ್ಟು. ಆ ಬೆಲ್ಟು ಸರಿಯಾದ ಮೂಳೆಯ ಮೇಲೆ ಬೀಳುವ ಹಾಗೆ ಮಗುವನ್ನು ಕೂರಿಸಿಕೊಡುವುದು ಮಣೆಯ ಕೆಲಸ. ಇದನ್ನು ಮಕ್ಕಳಿಗಾಗಿ ಮೊದಲು ತಂದದ್ದೂ ವೋಲ್ವೋ, 1978ರಲ್ಲಿ.

ಪುಟ್ಟಿ, ಇದರ ಮೇಲೆ ಕೂರು. ನೋಡಿ, ಮೂರು ಸಂಗತಿ ಒಟ್ಟಿಗೆ ಆದವು. ಅವಳು ಎತ್ತರಕ್ಕೆ ಬಂದಳು, ಹಾಗಾಗಿ ಮೇಲಿನ ಪಟ್ಟಿ ಕುತ್ತಿಗೆ ಬಿಟ್ಟು ಭುಜದ ನಡುವೆ ಬಂತು. ಮಣೆಯ ಆಳ ಕಾರಿನ ಸೀಟಿಗಿಂತ ಕಡಿಮೆ, ಹಾಗಾಗಿ ಮಂಡಿ ತಾನಾಗೇ ಮಡಚಿತು, ಇನ್ನು ಜಾರುವ ಅಗತ್ಯ ಅವಳಿಗಿಲ್ಲ. ಮೂರನೆಯದು ಈ ಎರಡು ಪಕ್ಕದ ಕೊಂಬು. ಕೈಯಿಡುವ ಹಿಡಿಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಳಗಿನ ಪಟ್ಟಿ ಇದರ ಅಡಿಯಿಂದ ಹೋಗಬೇಕು, ಮೇಲಿನಿಂದ ಅಲ್ಲ. ಆಗ ಅದು ತೊಡೆಯ ಬುಡದಲ್ಲಿ, ಸೊಂಟದ ಮೂಳೆಗೆ ಒತ್ತಿಕೊಂಡು ಕೂರುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 4ರಿಂದ 8 ವರ್ಷದ ಮಕ್ಕಳಿಗೆ ಬರೀ ಬೆಲ್ಟಿಗಿಂತ ಬೂಸ್ಟರ್ ಮೇಲೆ ಬೆಲ್ಟು ಹಾಕಿದಾಗ ಗಾಯದ ಅಪಾಯ ಶೇ. 45ರಷ್ಟು ಕಡಿಮೆ. ಒಂದು ಮಣೆಯಿಂದ!

"ದಿಂಬು ಹಾಕಿದ್ರೆ ಸಾಲದಾ?" ಅಂತ ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. ಎಲ್ಲ ಕಡೆ ಕೇಳುತ್ತಾರೆ. ಸಾಲದು. ದಿಂಬು ಒತ್ತಿದರೆ ಕುಗ್ಗುತ್ತದೆ, ಎಳೆದರೆ ಜಾರುತ್ತದೆ. ಗುದ್ದಿದಾಗ ದಿಂಬಿನ ಸಮೇತ ಮಗು ಬೆಲ್ಟಿನ ಕೆಳಗೆ ಹೋಗುತ್ತದೆ. ಕೊಂಬೂ ಇಲ್ಲ.

ಯಾವಾಗ ಬೂಸ್ಟರ್‌ಗೆ ಬರಬೇಕು? ಇಲ್ಲಿ ಆತುರ ಬೇಡ. ಭುಜ, ಸೊಂಟ, ಕಾಲ ನಡುವೆ ಕಟ್ಟುವ ಐದು ಪಟ್ಟಿಯ ಚೈಲ್ಡ್ ಸೀಟ್ ಇದೆಯಲ್ಲ, ಅದರ ತೂಕ ಅಥವಾ ಎತ್ತರದ ಮಿತಿ ಮುಗಿಯುವವರೆಗೂ ಅದರಲ್ಲೇ ಇರಲಿ. ಬಹಳಷ್ಟು ಸೀಟುಗಳಲ್ಲಿ ಆ ಮಿತಿ 18 ಕೆ.ಜಿ. ಮಗುವಿಗೆ ಕನಿಷ್ಠ ನಾಲ್ಕು ವರ್ಷ ಆಗಿರಬೇಕು. ಅದಕ್ಕಿಂತ ಮುಖ್ಯವಾಗಿ, ಇಡೀ ದಾರಿ ನೆಟ್ಟಗೆ ಕೂತಿರುವ ತಾಳ್ಮೆ ಬಂದಿರಬೇಕು. ಯುಕೆಜಿಗೆ ಪ್ರಮೋಷನ್ ಆದ ಹಾಗೆ ಬೂಸ್ಟರ್‌ಗೂ ಬೇಗ ಪ್ರಮೋಷನ್ ಕೊಡಿಸುವ ಪೈಪೋಟಿ ಇದೆ. ಸೀಟಿನ ಲೋಕದಲ್ಲಿ ಪ್ರತಿ ಪ್ರಮೋಷನ್ನಿಗೂ ರಕ್ಷಣೆ ಸ್ವಲ್ಪ ಕಡಿಮೆಯೇ ಆಗುತ್ತದೆ.

ಯಾವಾಗ ಬಿಡಬೇಕು? ವಯಸ್ಸು ಕೇಳಬೇಡಿ, ಎತ್ತರ ಕೇಳಿ. ಅಮೆರಿಕದ ಮಕ್ಕಳ ವೈದ್ಯರ ಸಲಹೆ 4 ಅಡಿ 9 ಇಂಚು, ಅಂದರೆ ಸುಮಾರು 145 ಸೆಂ.ಮೀ. ಜರ್ಮನಿಯ ಕಾನೂನು 150 ಸೆಂ.ಮೀ. ಅಥವಾ 12 ವರ್ಷ, ಬ್ರಿಟನ್ನಿನದು 135 ಅಥವಾ 12. ನಮ್ಮ ಮಕ್ಕಳು 145 ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಹನ್ನೊಂದರ ಆಸುಪಾಸು. ಐದನೇ, ಆರನೇ ಕ್ಲಾಸು. ಹೌದು, ಮುಖ ಸಿಂಡರಿಸುತ್ತಾರೆ. ಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗುರುತು ಹಾಕುತ್ತೀರಲ್ಲ, 145ರ ಹತ್ತಿರ ಒಂದು ಕೆಂಪು ಗೆರೆ ಎಳೆದಿಡಿ. "ಇದನ್ನು ದಾಟಿದ ದಿನ ಬೂಸ್ಟರ್ ನಿನ್ನ ತಮ್ಮನಿಗೆ" ಅಂದರೆ ಜಗಳ ಅರ್ಧ ಕಡಿಮೆ. ಗೆರೆ ದಾಟಿದ ಮೇಲೂ ನಿಮ್ಮದೇ ಕಾರಿನಲ್ಲಿ ಕೂರಿಸಿ ನೋಡಿ. ಬೆನ್ನು ಪೂರ್ತಿ ಒರಗಿದಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಚುತ್ತದೆಯಾ, ಕೆಳಪಟ್ಟಿ ತೊಡೆಯ ಬುಡದಲ್ಲಿದೆಯಾ, ಮೇಲ್ಪಟ್ಟಿ ಕುತ್ತಿಗೆಗೂ ತೋಳಿಗೂ ನಡುವೆ ಇದೆಯಾ, ಒಂದು ಗಂಟೆ ಕಳೆದ ಮೇಲೂ ಹಾಗೇ ಕೂತಿದ್ದಾರಾ? ನಾಲ್ಕಕ್ಕೂ ಹೌದು ಅಂದರೆ ಮಣೆ ಬೇಡ. ದೊಡ್ಡ ಕಾರಿನ ಆಳದ ಸೀಟಿನಲ್ಲಿ ಫೇಲಾದ ಮಗು ಸಣ್ಣ ಕಾರಿನಲ್ಲಿ ಪಾಸಾಗಬಹುದು.

ನಮ್ಮ ಕಾನೂನು ಏನು ಹೇಳುತ್ತದೆ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು 194ಬಿ ಅನ್ನುವ ಕಲಂ ಸೇರಿತು. 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಓಡಿಸಿದರೆ 1,000 ರೂಪಾಯಿ ದಂಡ. ಗಮನಿಸಿ, ಬೆಲ್ಟು 'ಅಥವಾ' ಮಕ್ಕಳ ಸೀಟು. ಎತ್ತರದ ಮಾತೇ ಇಲ್ಲ. ಹೊಟ್ಟೆಯ ಮೇಲೆ ಬೆಲ್ಟು ಹಾಕಿಕೊಂಡ ಆರು ವರ್ಷದ ಮಗು ಕಾನೂನಿನ ಲೆಕ್ಕದಲ್ಲಿ ಪಾಸು. ಕರುಳಿಗೆ ಕಾನೂನು ಗೊತ್ತಿಲ್ಲ.

ಇನ್ನೊಂದು ವಿಚಿತ್ರ ಹೇಳಿ ಮುಂದೆ ಹೋಗುತ್ತೇನೆ. ನನ್ನ ಅಣ್ಣನ ಮಕ್ಕಳು ಅಮೆರಿಕದಲ್ಲಿ. ಅಲ್ಲಿ ಮನೆಯಿಂದ ತರಕಾರಿ ಅಂಗಡಿಗೆ ಹೋಗಬೇಕಾದರೂ ಬೂಸ್ಟರ್. ಬೇಸಿಗೆ ರಜೆಗೆ ಇಲ್ಲಿ ಇಳಿದ ಕೂಡಲೇ, ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೈಸೂರಿನವರೆಗೆ ಅಮ್ಮನ ತೊಡೆ ಮೇಲೆ. ಮೂರ್ನಾಲ್ಕು ಗಂಟೆ! ಮಕ್ಕಳೇ ಕೇಳಿದವು, "ಇಂಡಿಯಾದಲ್ಲಿ ಆಕ್ಸಿಡೆಂಟ್ ಆಗಲ್ವಾ?" ಅಂತ. ಅಣ್ಣ ಕಿಟಕಿಯ ಆಚೆ ನೋಡಿದ.

ಈಗ ಕೊಳ್ಳುವ ವಿಷಯ. ಬೂಸ್ಟರ್‌ನಲ್ಲಿ ಎರಡು ಜಾತಿ. ಬರೀ ಮಣೆ ಒಂದು, ಬೆನ್ನೂ ತಲೆಗೆ ರೆಕ್ಕೆಯೂ ಇರುವುದು ಇನ್ನೊಂದು. ನನ್ನನ್ನು ಕೇಳಿದರೆ ಮೊದಲ ಬೂಸ್ಟರ್ ಬೆನ್ನಿರುವುದೇ ಆಗಲಿ. ಕಾರಣ ನಿದ್ದೆ. ಮಂಡ್ಯ ಬರುವ ಹೊತ್ತಿಗೆ ಮಕ್ಕಳು ಮಲಗುತ್ತಾರೆ, ತಲೆ ಪಕ್ಕಕ್ಕೆ ವಾಲುತ್ತದೆ, ತಲೆಯ ಜೊತೆ ಮೈಯೂ ಬೆಲ್ಟಿನಿಂದ ಹೊರಗೆ ಬರುತ್ತದೆ. ರೆಕ್ಕೆ ಇದ್ದರೆ ತಲೆ ಅದಕ್ಕೆ ಒರಗಿ ನಿಲ್ಲುತ್ತದೆ, ಪಕ್ಕದಿಂದ ಗುದ್ದಿದರೂ ಸ್ವಲ್ಪ ರಕ್ಷಣೆ. ಭುಜದ ಪಟ್ಟಿಯನ್ನು ಸರಿಯಾದ ಎತ್ತರದಲ್ಲಿ ಹಿಡಿಯುವ ಗೈಡೂ ಅದರಲ್ಲಿ ಇರುತ್ತದೆ. ಮತ್ತೆ ನಮ್ಮ ಸಣ್ಣ ಕಾರುಗಳ ಕೆಳಗಿನ ಮಾಡೆಲ್‌ಗಳಲ್ಲಿ ಹಿಂದಿನ ಸೀಟಿಗೆ ಸರಿಯಾದ ಹೆಡ್‌ರೆಸ್ಟೇ ಇರುವುದಿಲ್ಲ. ಬರೀ ಮಣೆ ಬಳಸಬೇಕಾದರೆ ಕಾರಿನ ಸೀಟು ಅಥವಾ ಹೆಡ್‌ರೆಸ್ಟು ಮಗುವಿನ ಕಿವಿಯ ಮಟ್ಟದವರೆಗಾದರೂ ಬರಬೇಕು. ಯುರೋಪಿನ ಹೊಸ ನಿಯಮದಲ್ಲಿ ಬೆನ್ನಿಲ್ಲದ ಬೂಸ್ಟರ್ 125 ಸೆಂ.ಮೀ. ದಾಟಿದ ಮಕ್ಕಳಿಗೆ ಮಾತ್ರ. ಹಾಗಾಗಿ ಏಳೆಂಟು ವರ್ಷದವರೆಗೆ ಬೆನ್ನಿನದು, ಆಮೇಲೆ ಬರೀ ಮಣೆ. ಅಜ್ಜಿ ಮನೆಯ ಕಾರಿಗೆ, ಟ್ಯಾಕ್ಸಿಗೆ ಹೊತ್ತುಕೊಂಡು ಹೋಗಲು ಮಣೆ ಸಲೀಸು.

ಕೊಳ್ಳುವಾಗ ಡಬ್ಬಿಯ ಮೇಲಿನ ಚಿತ್ರ ನೋಡಬೇಡಿ, ಸೀಟನ್ನು ತಿರುಗಿಸಿ ಚೀಟಿ ನೋಡಿ. ಯುರೋಪಿನ ಮಾನ್ಯತೆ ಇದ್ದರೆ ಕಿತ್ತಳೆ ಬಣ್ಣದ ಚೀಟಿ, ವೃತ್ತದೊಳಗೆ 'ಇ' ಅಕ್ಷರ, ಜೊತೆಗೆ ಆರ್44/04 ಅಥವಾ ಆರ್129 ಅಂತ ಇರುತ್ತದೆ. ಆರ್44 ತೂಕದ ಲೆಕ್ಕ, ಆರ್129 ಎತ್ತರದ ಲೆಕ್ಕ. ನಮ್ಮ ದೇಶದ ಮಾನದಂಡ ಎಐಎಸ್ 072. ಯಾವ ಚೀಟಿಯೂ ಇಲ್ಲದ ಸೀಟು ಎಷ್ಟೇ ಮೆತ್ತಗಿರಲಿ, ಅದು ಕುರ್ಚಿ, ಅಷ್ಟೇ. ಇವತ್ತು ಯಾವ ಬ್ರ್ಯಾಂಡಿನ ಹೆಸರೂ ನನ್ನ ಬಾಯಿಂದ ಬರುವುದಿಲ್ಲ. ದುಡ್ಡು ಜಾಸ್ತಿ ಕೊಟ್ಟರೆ ಮೆತ್ತೆ, ಬಟ್ಟೆ, ಕಪ್ ಹೋಲ್ಡರ್ ಜಾಸ್ತಿ ಸಿಗುತ್ತದೆ. ಬೆಲ್ಟು ಸರಿಯಾಗಿ ಕೂರುವುದು ನಿಮ್ಮ ಮಗು, ನಿಮ್ಮ ಕಾರು, ಆ ಸೀಟು, ಈ ಮೂರೂ ಸೇರಿದಾಗ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಅಂಗಡಿಗೆ ಮಗುವನ್ನೂ ಕಾರನ್ನೂ ಕರೆದುಕೊಂಡು ಹೋಗಿ. ಆನ್‌ಲೈನಲ್ಲಿ ತರಿಸಿದರೆ ವಾಪಸ್ ಕೊಡುವ ಅವಧಿಯೊಳಗೆ ಪರೀಕ್ಷೆ ಮಾಡಿ.

ಒಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. 9ರಿಂದ 36 ಕೆ.ಜಿ. ಅಂತ ಬರೆದಿರುವ ಸೀಟುಗಳು ನಮ್ಮಲ್ಲಿ ಬಹಳ ಓಡುತ್ತವೆ. ಒಂದೇ ಸೀಟು, ಎಂಟು ಹತ್ತು ವರ್ಷ. ಅದರಲ್ಲಿ ಸಾಮಾನ್ಯವಾಗಿ 18 ಕೆ.ಜಿ.ವರೆಗೆ ಸೀಟಿನದೇ ಐದು ಪಟ್ಟಿ, ಆಮೇಲೆ ಆ ಪಟ್ಟಿ ಬಿಚ್ಚಿ ತೆಗೆದು ಕಾರಿನ ಬೆಲ್ಟು. ಬಹಳ ಜನ ಎಂಟು ವರ್ಷದ ಮಗುವನ್ನೂ ಆ ಪುಟ್ಟ ಪಟ್ಟಿಯಲ್ಲೇ ಬಿಗಿದಿರುತ್ತಾರೆ. ಆ ಪಟ್ಟಿಯನ್ನು ಅಷ್ಟು ತೂಕಕ್ಕೆ ಪರೀಕ್ಷೆ ಮಾಡಿರುವುದಿಲ್ಲ. ಪುಸ್ತಕ ತೆಗೆದು ಓದಿ. ಮಿಕ್ಸಿಯ ಪುಸ್ತಕ ಓದದಿದ್ದರೂ ಪರವಾಗಿಲ್ಲ, ಇದನ್ನು ಓದಿ.

ಐಸೋಫಿಕ್ಸ್ ಬಗ್ಗೆಯೂ ಹಾಗೇ. ಕೆಲವು ಬೂಸ್ಟರ್‌ಗಳಿಗೆ ಹಿಂದೆ ಎರಡು ಕೊಕ್ಕೆ ಇರುತ್ತದೆ, ಕಾರಿನ ಸೀಟಿನ ಸಂದಿಯಲ್ಲಿರುವ ಕಂಬಿಗೆ ಸಿಕ್ಕಿಸುವುದು. ಒಳ್ಳೆಯದೇ. ತಿರುವಿನಲ್ಲಿ ಮಣೆ ಅಲುಗಾಡುವುದಿಲ್ಲ. ಆದರೆ ಆ ಕೊಕ್ಕೆ ಹಿಡಿಯುವುದು ಮಣೆಯನ್ನು, ಮಗುವನ್ನಲ್ಲ. ಬೆಲ್ಟು ಹಾಕಲೇಬೇಕು.

ಸೆಕೆಂಡ್ ಹ್ಯಾಂಡ್ ತಗೋಬಹುದಾ? ಅಕ್ಕನ ಮನೆಯದು, ಕತೆ ಪೂರ್ತಿ ಗೊತ್ತು ಅಂದರೆ ಸರಿ. ಗೊತ್ತಿಲ್ಲದವರಿಂದ ಬೇಡ. ಒಮ್ಮೆ ಅಪಘಾತ ಕಂಡ ಸೀಟಿನ ಪ್ಲಾಸ್ಟಿಕ್ ಒಳಗೆ ಬಿರುಕು ಬಿಟ್ಟಿದ್ದರೂ ಹೊರಗೆ ಕಾಣುವುದಿಲ್ಲ. ತಯಾರಾದ ತಿಂಗಳು, ವರ್ಷ ಅಡಿಯಲ್ಲಿ ಅಚ್ಚೊತ್ತಿರುತ್ತಾರೆ, ಎಷ್ಟು ವರ್ಷ ಬಳಸಬಹುದು ಅಂತ ಪುಸ್ತಕದಲ್ಲಿ ಇರುತ್ತದೆ.

ಈಗ ಬಳಸುವುದು. ಜಾಗ ಹಿಂದಿನ ಸೀಟು. ಬೂಸ್ಟರ್‌ಗೆ ಸೊಂಟಕ್ಕೂ ಭುಜಕ್ಕೂ ಬರುವ ಮೂರು ಬಿಂದುವಿನ ಬೆಲ್ಟೇ ಬೇಕು. ನಡುವಿನ ಜಾಗದಲ್ಲಿ ಬರೀ ಸೊಂಟದ ಪಟ್ಟಿ ಇರುವ ಕಾರುಗಳು ಇನ್ನೂ ಬೇಕಾದಷ್ಟಿವೆ. ಅಲ್ಲಿ ಬೂಸ್ಟರ್ ಇಡಲೇಬಾರದು. ಕಾರಿನ ಹೆಡ್‌ರೆಸ್ಟು ಬೂಸ್ಟರ್‌ನ ಬೆನ್ನನ್ನು ಮುಂದಕ್ಕೆ ತಳ್ಳುತ್ತಿದ್ದರೆ ಅದನ್ನು ಎತ್ತಿ ಅಥವಾ ತೆಗೆದಿಡಿ. ಬೆಲ್ಟು ಹೋಗುವ ದಾರಿಗೆ ಸೀಟಿನಲ್ಲಿ ಬಣ್ಣದ ಗುರುತು ಇರುತ್ತದೆ, ಅದನ್ನೇ ಹಿಡಿದು ಹೋಗಿ. ಭುಜದ ಗೈಡು ಭುಜಕ್ಕಿಂತ ಸ್ವಲ್ಪ ಮೇಲೆ ಇರಲಿ. ಕ್ಲಿಕ್ ಆದ ಮೇಲೆ ಮೊದಲು ಸೊಂಟದ ಪಟ್ಟಿಯ ಸಡಿಲ ಎಳೆಯಿರಿ, ಆಮೇಲೆ ಭುಜದ್ದನ್ನು ಮೇಲಕ್ಕೆ ಎಳೆಯಿರಿ. ಪಟ್ಟಿ ತಿರುಚಿರಬಾರದು. ಮಡಿಕೇರಿಯ ಚಳಿಗೆ ದಪ್ಪ ಜಾಕೆಟ್ ಹಾಕಿದ್ದರೆ ಕಾರಿನೊಳಗೆ ಬಿಚ್ಚಿ, ಬೆಲ್ಟು ಹಾಕಿದ ಮೇಲೆ ಹೊದಿಸಿ. ಜಾಕೆಟ್ಟಿನ ಗಾಳಿ ಎಲ್ಲ ಬೆಲ್ಟಿನ ಸಡಿಲವೇ. ಬಿಸಿಲಲ್ಲಿ ನಿಂತ ಕಾರಾದರೆ ಬೆಲ್ಟಿನ ಲೋಹದ ನಾಲಿಗೆಯನ್ನು ಮೊದಲು ನೀವು ಮುಟ್ಟಿ ನೋಡಿ, ಮಗುವಿನ ತೊಡೆ ಸುಡುತ್ತದೆ.

ಮಗು ಇಲ್ಲದ ದಿನವೂ ಬೂಸ್ಟರ್‌ಗೆ ಬೆಲ್ಟು ಹಾಕಿಡಿ. ಇಲ್ಲದಿದ್ದರೆ ಗುದ್ದಿದಾಗ ಅದು ಹಾರಿ ಬಂದು ನಿಮ್ಮ ತಲೆಗೆ ಬೀಳುತ್ತದೆ. ಹಿಂದಿನ ಗಾಜಿನ ಕೆಳಗೆ ಸ್ಟೀಲ್ ಬಾಟಲು, ಸ್ಟೀಲ್ ಡಬ್ಬಿ ಇಡುವ ಅಭ್ಯಾಸವನ್ನೂ ಬಿಡಿ.

ಇನ್ನು ಸೀಟ್ ಕವರ್. ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಹೊಸ ಕಾರು ತಂದ ವಾರದಲ್ಲೇ ಅಂಗಡಿಗೆ ಹೋಗಿ ದಪ್ಪ ರೆಕ್ಸಿನ್ ಕವರ್ ಹೊಲಿಸುತ್ತೇವೆ. ಅವರು ಹಿಂದಿನ ಬೆಲ್ಟಿನ ಬಕಲ್‌ಗಳನ್ನು ಕವರಿನ ಅಡಿ ತುರುಕಿ ಮುಚ್ಚಿಬಿಡುತ್ತಾರೆ. ನೋಡಲು ಚಂದ. ಸೀಟಿನೊಳಗೆ ಸೈಡ್ ಏರ್‌ಬ್ಯಾಗ್ ಇದ್ದರೆ ಅದರ ಬಾಯಿಗೂ ಹೊಲಿಗೆ. ಬಕಲ್ಲೇ ಸಿಗದ ಕಾರಿಗೆ ಬೂಸ್ಟರ್ ತಂದು ಏನು ಮಾಡುತ್ತೀರಿ? ಸೀಟಿಗೆ ಸಿಂಗಾರ ಮಾಡಿ ಬೆಲ್ಟಿಗೆ ಸಮಾಧಿ ಕಟ್ಟಿದ ಹಾಗೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ, ಹಿಂದಿನ ಸೀಟಿನಲ್ಲಿ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ, ಹಿಂದೆ ಕೂತವರಿಗೂ ಬೆಲ್ಟು ಬೇಕು ಅಂತ ದೇಶವೆಲ್ಲ ಮಾತಾಡಿತು. ಎಷ್ಟು ಜನ ಕವರಿನಡಿಯಿಂದ ಬಕಲ್ ಹೊರಗೆ ತೆಗೆದಿದ್ದೇವೆ?

ಮಗು ಒಪ್ಪದಿದ್ದರೆ? ಮಗುವಿಗಿಂತ ಅಜ್ಜ ಅಜ್ಜಿಯನ್ನು ಒಪ್ಪಿಸುವುದು ಕಷ್ಟ. ನನ್ನ ಅಮ್ಮ ಮೊದಲ ದಿನ ಅಂದದ್ದು, "ನನ್ನ ಮೊಮ್ಮಗೂನ ಕಟ್ಟಿ ಹಾಕ್ತೀಯಾ?" ಅಂತ. ನಾನು ವಾದ ಮಾಡಲಿಲ್ಲ. ಎಲ್ಲರಿಗೂ ಬೆಲ್ಟು ಹಾಕಿ ಆಗುವವರೆಗೆ ಕಾರು ಹೊರಡಲ್ಲ ಅಂತ ಮಾತ್ರ ಹೇಳಿದೆ. ಒಂದು ದಿನ ಅರ್ಧ ಗಂಟೆ ಗೇಟಿನ ಹತ್ತಿರವೇ ನಿಂತಿದ್ದೆವು. ಮದುವೆಯ ಧಾರೆ ಮುಗಿದ ಮೇಲೆ ಹೋಗಿ ಸೇರಿದೆವು. ಊಟ ಸಿಕ್ಕಿತು.

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: "ನಮ್ಮ ಕಾರಿಗೆ ಮಕ್ಕಳ ಸುರಕ್ಷತೆಯಲ್ಲಿ ಐದು ಸ್ಟಾರ್ ಇದೆ. ಆದರೂ ಬೇಕಾ?" ಒಳ್ಳೆಯ ಪ್ರಶ್ನೆ. ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುವ ನಮ್ಮ ದೇಶದ ಪರೀಕ್ಷೆ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಶುರುವಾಯಿತು. ಮಕ್ಕಳ ವಿಭಾಗಕ್ಕೆ 49 ಅಂಕ. ಆ ಪರೀಕ್ಷೆಯಲ್ಲಿ ಕೂರಿಸುವುದು 18 ತಿಂಗಳ ಮತ್ತು 3 ವರ್ಷದ ಗೊಂಬೆಗಳನ್ನು, ಅದೂ ಮಕ್ಕಳ ಸೀಟಿನಲ್ಲಿ. ಬರೀ ಬೆಲ್ಟು ಹಾಕಿದ ಆರು ವರ್ಷದ ಮಗುವಿನ ಬಗ್ಗೆ ಆ ಸ್ಟಾರ್‌ಗಳು ಏನೂ ಹೇಳುವುದಿಲ್ಲ. ಸ್ಟಾರ್ ಬಂದದ್ದೇ ಸೀಟು ಹಾಕಿದ್ದಕ್ಕೆ.

ಇನ್ನೊಬ್ಬರು: "ದಿನಾ ಶಾಲೆಗೆ ಹೋಗೋದು ಸ್ಕೂಟರಿನಲ್ಲಿ. ಅದಕ್ಕೇನು ಮಾಡಲಿ?" ಬೂಸ್ಟರ್ ಅಲ್ಲಿ ಬರುವುದಿಲ್ಲ. ಆದರೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರನಿಗೆ ಕಟ್ಟಿಕೊಳ್ಳುವ ಪಟ್ಟಿ, ಹೆಲ್ಮೆಟ್, 40 ಕಿ.ಮೀ. ಮೀರದ ವೇಗ ಅಂತ ಕೇಂದ್ರದ ನಿಯಮ ಇದೆ, 2022ರ ಫೆಬ್ರವರಿಯಲ್ಲಿ ಹೊರಡಿಸಿದ್ದು. ಮಗುವಿನ ಅಳತೆಯ ಹೆಲ್ಮೆಟ್ ಕೊಡಿಸಿ, ನಿಮ್ಮದನ್ನು ಕವುಚಬೇಡಿ.

ಮೂರನೆಯವರ ಪ್ರಶ್ನೆ ಲೆಕ್ಕದ್ದು. ಎರಡು ಮಕ್ಕಳು, ಒಬ್ಬರು ಅಜ್ಜಿ, ಸಣ್ಣ ಕಾರು. ಹಿಂದೆ ಹಿಡಿಸುವುದು ಹೇಗೆ? ನೋಡದೆ ಹೇಳಲಾಗದು ಅಂದೆ. ಸರಿ, ಕೆಳಗೆ ಹೋಗೋಣ ಅಂದರು. ಇಪ್ಪತ್ತು ಜನ ಪಾರ್ಕಿಂಗಿಗೆ ಇಳಿದೆವು. ಆ ಕಾರಿನಲ್ಲಿ ಕವರಿನ ಹೊಲಿಗೆ ಬಿಚ್ಚಿ, ಸಂದಿಗೆ ಕೈ ಹಾಕಿ ಬಕಲ್ ಹುಡುಕಿದೆವು. ಮೊದಲು ಸಿಕ್ಕಿದ್ದು ಒಂದು ಪೆನ್ನಿನ ಕ್ಯಾಪು, ಎರಡು ರೂಪಾಯಿ ನಾಣ್ಯ, ಅರ್ಧ ತಿಂದ ಚಿಕ್ಕಿ. ಆಮೇಲೆ ಬಕಲ್, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಎರಡು ಬೂಸ್ಟರ್ ಎರಡು ಪಕ್ಕಕ್ಕೆ ಇಟ್ಟರೆ ನಡುವೆ ಒಂದು ಗೇಣು ಉಳಿಯಿತು, ಅಲ್ಲಿ ಸೊಂಟದ ಪಟ್ಟಿ ಮಾತ್ರ. ಬೂಸ್ಟರ್‌ನ ಅಂಚು ಬಕಲ್ಲಿನ ಮೇಲೆ ಕೂತು, ಮಗುವಿನ ಬೆರಳಿಗೆ ಅದು ಸಿಗುತ್ತಲೂ ಇರಲಿಲ್ಲ. ಬಲಗಡೆಗೆ ಅಗಲ ಕಡಿಮೆ ಇರುವ ಬೂಸ್ಟರ್ ತಂದು ನೋಡಿ, ಅಜ್ಜಿಗೆ ಮುಂದಿನ ಸೀಟು ಕೊಡಿ, ಅಮ್ಮ ನಡುವೆ ಕೂರಲಿ, ಹಿಡಿಸದಿದ್ದರೆ ಹಿಂದೆ ಮೂರು ಜನ ಕೂರಬೇಕಾದ ದಿನ ಎರಡು ಟ್ರಿಪ್ ಮಾಡಿ ಅಂದೆ. ಅಜ್ಜಿ ಆಗಲೇ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಳ್ಳುತ್ತಿದ್ದರು. "ಇಷ್ಟು ವರ್ಷ ಆದ ಮೇಲೆ ಮುಂದೆ ಕೂರೋ ಯೋಗ ಬಂತು" ಅಂದರು. ಅಮ್ಮ ನಡುವಿನ ಗೇಣನ್ನು ನೋಡುತ್ತಾ ನಿಂತಿದ್ದರು.